ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತಾ?

ಪ್ರಶ್ನೆ: ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಹಮಾಲಿ ಮಾಡುತ್ತೇನೆ. ವಯಸ್ಸು 34. ಬೆಳಗ್ಗೆ ಎದ್ದ ಕೂಡಲೇ ಕೆಮ್ಮಿದರೆ ಮಣ್ಣಿನ ಬಣ್ಣದ ಕಫ ಬರುತ್ತದೆ. ಕೆಲಸ ಮುಗಿದ ಮೇಲೆ ಒಂದು ತುಂಡು ಬೆಲ್ಲ ತಿಂದರೆ ಧೂಳೆಲ್ಲ ಹೋಗುತ್ತದೆ ಅಂತ ದೊಡ್ಡವರು ಹೇಳುತ್ತಾರೆ. ನಿಜಾನಾ ಡಾಕ್ಟ್ರೇ? ಒಳಗೆ ಹೋದ ಧೂಳು ಎಲ್ಲಿಗೆ ಹೋಗುತ್ತದೆ?

ಉತ್ತರ: ಬೆಲ್ಲ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದು ಹೋಗುವ ದಾರಿಯೇ ಬೇರೆ. ಕುತ್ತಿಗೆಯಲ್ಲಿ ಮುಂದೆ ಗಾಳಿಯ ಕೊಳವೆ, ಅದರ ಹಿಂದೆ ಅನ್ನದ ಕೊಳವೆ. ನುಂಗುವಾಗ ಗಾಳಿ ಕೊಳವೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬೆಲ್ಲ ಎದೆಯೊಳಗಿನ ಧೂಳನ್ನು ಮುಟ್ಟುವುದೇ ಇಲ್ಲ. ಗಂಟಲ ಕೆರೆತ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ.

ಧೂಳು ಹೊರಹಾಕುವ ಕೆಲಸವನ್ನು ದೇಹ ತಾನೇ ಮಾಡುತ್ತದೆ. ಮೊದಲ ಕಾವಲು ಮೂಗು. ದಪ್ಪ ಧೂಳು ಅಲ್ಲಿನ ಕೂದಲಿಗೆ, ತೇವಕ್ಕೆ ಅಂಟಿ ನಿಲ್ಲುತ್ತದೆ. ಆದರೆ ಚೀಲ ಹೊತ್ತು ಲಾರಿಯ ಹಲಗೆ ಏರುವಾಗ ಗಮನಿಸಿ, ನಿಮ್ಮ ಬಾಯಿ ತೆರೆದೇ ಇರುತ್ತದೆ ಅಲ್ವಾ? ಸುಮ್ನೆ ಕೂತವನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಸಾಕು. ಭಾರ ಹೊತ್ತವನಿಗೆ 40 ಲೀಟರ್ ದಾಟಬಹುದು. ಅದರಲ್ಲಿ ಬಹಳಷ್ಟು ಮೂಗನ್ನು ತಪ್ಪಿಸಿ ಬಾಯಿಂದಲೇ ಒಳಗೆ ಹೋಗುತ್ತದೆ.

ಅಲ್ಲಿಂದ ಮುಂದೆ ಗಾಳಿ ಕೊಳವೆಯ ಒಳಗೋಡೆಯ ಮೇಲೆ ತೆಳುವಾದ ಲೋಳೆ ಇದೆ. ಆ ಲೋಳೆಯನ್ನು ಕಣ್ಣಿಗೆ ಕಾಣದ ಸಣ್ಣ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿದು ಗಂಟಲಿನ ಕಡೆಗೆ ತಳ್ಳುತ್ತವೆ. ಧೂಳು ಅದರಲ್ಲಿ ಸಿಕ್ಕಿ ಮೇಲೆ ಬರುತ್ತದೆ. ಹಗಲು ಗೊತ್ತಿಲ್ಲದೆ ನುಂಗಿಬಿಡುತ್ತೇವೆ. ನಿದ್ದೆಯಲ್ಲಿ ಕೆಮ್ಮು ಕಡಿಮೆ, ರಾತ್ರಿ ಸೇರಿದ್ದು ಬೆಳಗ್ಗೆ ಒಟ್ಟಿಗೆ ಬರುತ್ತದೆ. ನಿಮ್ಮ ಮಣ್ಣು ಬಣ್ಣದ ಕಫ ಬಹುಶಃ ಇದೇ. ಬೀಡಿ ಸೇದುತ್ತೀರೋ ಇಲ್ಲವೋ ನೀವು ಬರೆದಿಲ್ಲ. ಸೇದುತ್ತಿದ್ದರೆ ಮೊದಲು ಬಿಡಿ. ಆ ಹೊಗೆಗೆ ಈ ರೋಮಗಳೇ ಸೋತು ಮಲಗುತ್ತವೆ.

ನನಗೆ ಚಿಂತೆ ಕಫದಲ್ಲಿ ಕಾಣುವ ಧೂಳಿನದಲ್ಲ, ಕಾಣದೆ ಇಳಿಯುವ ನುಣುಪು ಧೂಳಿನದು. ಕೊಳವೆಗಳು ಕವಲೊಡೆಯುತ್ತ ಹೋಗಿ ಕೊನೆಗೆ ಸಣ್ಣ ಗಾಳಿಚೀಲಗಳಾಗುತ್ತವೆ. ಎರಡೂ ಶ್ವಾಸಕೋಶ ಸೇರಿ 30 ಕೋಟಿಗೂ ಜಾಸ್ತಿ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲೇ. ಅಲ್ಲಿ ರೋಮ ಇಲ್ಲ. ಬಂದ ಧೂಳನ್ನು ಕಾವಲು ಕೋಶಗಳು ನುಂಗಬೇಕು. ಮಿಲ್‌ನಲ್ಲಿ ಬಾಯ್ಲರ್‌ಗೆ ಹೊಟ್ಟು ಉರಿಸುತ್ತಾರಲ್ಲ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಜೋರು ಶಾಖಕ್ಕೆ ಅದು ಹರಳಾಗಬಹುದು. ಹರಳು ನುಂಗಿದ ಕೋಶ ತಾನೇ ಸಾಯುತ್ತದೆ, ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಕಲ್ಲು ಒಡೆಯುವವರಿಗೆ ಬರುವ ಸಿಲಿಕೋಸಿಸ್ ಇದೇ ದಾರಿಯದು. ಆಮೇಲೆ ಯಾವ ಔಷಧಿಯಿಂದಲೂ ಮೊದಲಿನಂತೆ ಆಗುವುದಿಲ್ಲ. ಬೂದಿ ತುಂಬುವ ಕೆಲಸಕ್ಕೆ ಕರೆದರೆ ಹುಷಾರು.

ಮುಖಕ್ಕೆ ಕಟ್ಟುವ ಟವೆಲ್ ದಪ್ಪ ಧೂಳಿಗೆ ಸರಿ, ನುಣುಪು ಧೂಳಿಗೆ ಸಾಲದು. ಎನ್95 ಮಾಸ್ಕ್ ಬೇಕು, ಮೂಗಿನ ಪಕ್ಕ ಸಂದಿ ಇರಬಾರದು. ಚೀಲ ಹೊತ್ತು ಅದರಲ್ಲಿ ಉಸಿರಾಡುವುದು ಕಷ್ಟ ಅಂತ ಗೊತ್ತು. ಅದಕ್ಕೇ ಧೂಳೆಳೆಯುವ ಬ್ಲೋವರ್ ಸರಿ ಇದೆಯಾ ಅಂತ ಮಾಲೀಕರನ್ನು ಕೇಳಿ. ಅದು ನಿಮ್ಮ ಮಾಸ್ಕ್‌ಗಿಂತ ಮೊದಲು ಆಗಬೇಕಾದ ಕೆಲಸ.

ಕೆಮ್ಮು ಎರಡು ವಾರ ದಾಟಿದ್ದರೆ ಧೂಳಿನದೇ ಅಂತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಟಿಬಿ ಪರೀಕ್ಷೆ ಉಚಿತ. ಜೊತೆಗೆ ಒಂದು ಸಲ ಸ್ಪೈರೋಮೆಟ್ರಿ ಮಾಡಿಸಿ, ಅಂದರೆ ಕೊಳವೆಗೆ ಜೋರಾಗಿ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ. ಕಫದಲ್ಲಿ ರಕ್ತ ಕಂಡರೆ ಅವತ್ತೇ ಹೋಗಿ.