ಷೆವ್ರೊಲೆಯ ಸ್ಪೋರ್ಟ್ಸ್ ಕಾರು ಕಮಾರೊ ಮತ್ತೆ ಬರುತ್ತಂತೆ. ನನ್ನ 2018ರ ಕಮಾರೊ ಎಸ್‌ಎಸ್ ಈಗಲೇ ಮಾರಿಬಿಡಲಾ?

ಮಾರಬೇಡಿ. ಓಹಾಯೋದಲ್ಲಿ ಕೂತು ನೀವೊಂದು ಲೆಕ್ಕ ಹಾಕಿದ್ದೀರಲ್ಲ, ಹೊಸದು ಬಂದರೆ ಹಳೆಯದರ ಬೆಲೆ ಬೀಳುತ್ತೆ, ಅದಕ್ಕೆ ಮುಂಚೆ ಮಾರಿ ದುಡ್ಡು ಮಾಡ್ಕೊಂಡು ಕಾಯೋಣ ಅಂತ, ಅದೇ ಲೆಕ್ಕ ನಾನು 2006ರಲ್ಲಿ ಮಿಶಿಗನ್‌ನಲ್ಲಿ ಹಾಕಿದ್ದೆ. ಎಕ್ಸೆಲ್ ಶೀಟ್ ಸಮೇತ.

ಆಗ ನನ್ನ ಹತ್ತಿರ 1999ರ ಕಮಾರೊ ಝೀ28 ಇತ್ತು. 5.7 ಲೀಟರ್ ವಿ8, ಆರು ಗೇರು, ತಲೆ ಮೇಲೆ ಬಿಚ್ಚಿ ತೆಗೆಯಬಹುದಾದ ಎರಡು ಗಾಜಿನ ಹಲಗೆ. ಟಿ-ಟಾಪ್ ಅಂತಾರಲ್ಲ, ಅದು. ವಿಚಿತ್ರ ಕಾರು. ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ ಒಂದು ದಪ್ಪ ಉಬ್ಬು, ಕೆಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರೋದರಿಂದ. ನನ್ನ ಹೆಂಡತಿ ಒಂದು ಪಾದ ಮೇಲೆ, ಒಂದು ಪಾದ ಕೆಳಗೆ ಇಟ್ಟುಕೊಂಡೇ ಶಿಕಾಗೋವರೆಗೆ ಬಂದಿದ್ದಾಳೆ. ನಿಧಾನಕ್ಕೆ ಹೋಗುವಾಗ ಒಂದರಿಂದ ಎರಡನೇ ಗೇರಿಗೆ ಹಾಕೋಕೆ ಹೋದರೆ ಕೇಳುತ್ತಿರಲಿಲ್ಲ, ಸೀದಾ ನಾಲ್ಕಕ್ಕೆ ತಳ್ಳುತ್ತಿತ್ತು. ಗ್ಯಾಸ್, ಅಂದರೆ ಪೆಟ್ರೋಲ್, ಉಳಿಯಲಿ ಅಂತ ಮಾಡಿದ ವ್ಯವಸ್ಥೆ. ನಿಮ್ಮದು ಮ್ಯಾನ್ಯುಯಲ್ ಅಂದಿದ್ದೀರಿ, ಹಾಗಾದರೆ ನಿಮಗೂ ಇದರ ಪರಿಚಯ ಇರುತ್ತೆ.

2002ಕ್ಕೆ ಕಮಾರೊ ನಿಂತೇ ಹೋಗಿತ್ತು. ನಾಲ್ಕು ವರ್ಷ ಬರೀ ಸುದ್ದಿ. ಆಮೇಲೆ 2006ರ ಜನವರಿಯಲ್ಲಿ ಡೆಟ್ರಾಯ್ಟ್ ಆಟೋ ಶೋದಲ್ಲಿ ಬೆಳ್ಳಿ ಬಣ್ಣದ ಕಾನ್ಸೆಪ್ಟ್ ಕಾರೊಂದನ್ನು, ಅಂದರೆ ಬರೀ ತೋರಿಸೋಕೆ ಮಾಡಿದ ಮಾದರಿಯನ್ನು, ನಿಲ್ಲಿಸಿದರು. 1969ರ ಕಾರಿನದೇ ಮುಖ, ಅದೇ ಸೊಂಟ. ಜನರ ಹೆಗಲ ಮೇಲಿಂದ ಇಣುಕಿ ನೋಡಿದೆ, ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ.

ನನ್ನ ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಾನೇ ಅದನ್ನು ಕಂಡುಕೊಳ್ಳೋಕೆ ವರ್ಷಗಳು ಬೇಕಾದವು. ಶೀಟಿನಲ್ಲಿ ತಿಂಗಳು ತಿಂಗಳಿಗೂ ನನ್ನ ಕಾರಿನ ಬೆಲೆ ಎಷ್ಟು ಇಳಿಯುತ್ತೆ ಅಂತ ಹಾಕಿದ್ದೆ. ಮೇಲೆ ಮೂಲೆಯಲ್ಲಿ ಒಂದು ಸೆಲ್. ಅದರಲ್ಲಿ 'ಬಿಡುಗಡೆ: ಜೂನ್ 2007' ಅಂತ ಟೈಪ್ ಮಾಡಿದ್ದೆ. ಆ ತಾರೀಖು ನನಗೆ ಯಾರೂ ಹೇಳಿರಲಿಲ್ಲ. ಕಂಪನಿ ಕಾರು ಮಾಡ್ತೀವಿ ಅಂತಲೇ ಇನ್ನೂ ಹೇಳಿರಲಿಲ್ಲ! ಫಾರ್ಮುಲಾಗೆ ಏನೋ ಒಂದು ಬೇಕಿತ್ತು, ಸುಮ್ನೆ ತುಂಬಿದೆ. ಒಂದು ವಾರ ದಿನಾ ಆ ಶೀಟ್ ನೋಡಿದ ಮೇಲೆ ಅದು ನಾನೇ ಬರೆದದ್ದು ಅನ್ನೋದು ಮರೆತೇಹೋಯಿತು. ಆಫೀಸಿನಲ್ಲಿ ಊಟದ ಹೊತ್ತಿಗೆ 'ಮುಂದಿನ ಜೂನ್‌ಗೆ ಬರುತ್ತೆ' ಅಂತ ನಾನೇ ಸಾರಿದೆ. ಎರಡು ದಿನ ಬಿಟ್ಟು ಬೇರೆ ಟೀಮಿನವನು ಬಂದು ಅದೇ ಸುದ್ದಿ ನನಗೇ ಹೇಳಿದ. ನೋಡಿದ್ಯಾ, ಎಲ್ಲರೂ ಇದನ್ನೇ ಹೇಳ್ತಿದ್ದಾರೆ ಅಂದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಕುಲಾವಿ ನೋಡಿ ಕೂಸು ಹುಟ್ಟಿದೆ ಅಂತ ನಂಬಿದ ಗಿರಾಕಿ ನಾನು.

"ರೀ, ಇಲ್ಲದಿರೋ ಕಾರಿಗೋಸ್ಕರ ಇರೋ ಕಾರು ಮಾರ್ತೀರಾ?" ಅಂದಳು ಹೆಂಡತಿ. ಶೀಟ್ ತೋರಿಸಿದೆ.

ಏಪ್ರಿಲ್‌ನಲ್ಲಿ ಫ್ಲಿಂಟ್ ಕಡೆಯಿಂದ ಒಬ್ಬ ಹುಡುಗ ಅವನ ಮಾವನ ಜೊತೆ ಬಂದ. ಬ್ಯಾಂಕಿನ ಕವರ್‌ನಲ್ಲಿ 9,800 ಡಾಲರ್. ಯಾಕೆ ಮಾರ್ತಿದ್ದೀರಿ ಅಂತ ಕೇಳಿದ. ಹೊಸದು ಬರ್ತಿದೆಯಲ್ಲ ಅಂದೆ. "ಬರಲಿ ಬಿಡಿ" ಅಂತ ನಕ್ಕ. ಮಿಶಿಗನ್‌ನಲ್ಲಿ ನಂಬರ್ ಪ್ಲೇಟ್ ಮಾರಿದವನ ಹತ್ತಿರವೇ ಉಳಿಯುತ್ತೆ. ಡ್ರೈವ್‌ವೇಯಲ್ಲಿ ಮಂಡಿಯೂರಿ ಬಿಚ್ಚೋಕೆ ಕೂತೆ. ಒಂದು ಸ್ಕ್ರೂ ತುಕ್ಕು ಹಿಡಿದು ಬರಲೇ ಇಲ್ಲ. ಆ ಹುಡುಗನೇ ಅವನ ಟ್ರಕ್ಕಿನಿಂದ ಪ್ಲೈಯರ್ ತಂದು ಕಿತ್ತುಕೊಟ್ಟ. ಆ ಪ್ಲೇಟ್ ಈಗಲೂ ಗ್ಯಾರೇಜಿನ ಗೋಡೆಯಲ್ಲಿದೆ, ಒಂದು ಮೂಲೆ ಸೊಟ್ಟಗಾಗಿ.

ಒಂದು ವರ್ಷಕ್ಕೆ ಸಾಕು ಅಂತ ಹಳೇ ಕೊರೊಲಾ ತಗೊಂಡೆ. ಆಗಸ್ಟ್‌ನಲ್ಲಿ ಕಂಪನಿ ಬಾಯಿಬಿಟ್ಟಿತು: ಮಾಡ್ತೀವಿ, ಆದರೆ 2009ಕ್ಕೆ. ಅದೇ ತಿಂಗಳು ವುಡ್‌ವರ್ಡ್ ಡ್ರೀಮ್ ಕ್ರೂಸ್. ಊರಿನ ಹಳೇ ಕಾರುಗಳೆಲ್ಲ ವುಡ್‌ವರ್ಡ್ ಅವೆನ್ಯೂನಲ್ಲಿ ಗುಡುಗುಟ್ಟಿಕೊಂಡು ಸಾಲು ಹೊರಟಿದ್ದರೆ ನಾನು ಮಡಚುವ ಕುರ್ಚಿ ಹಾಕಿಕೊಂಡು ರಸ್ತೆ ಬದಿಯಲ್ಲಿ ಕೂತಿದ್ದೆ.

2008ರ ಬೇಸಿಗೆಗೆ ಗ್ಯಾಸ್ ಗ್ಯಾಲನ್ನಿಗೆ 4 ಡಾಲರ್ ದಾಟಿತು. ಚಳಿಗಾಲಕ್ಕೆ ನಮ್ಮ ಆಫೀಸಿನಲ್ಲಿ ವಾರಕ್ಕೆ ನಾಲ್ಕೇ ದಿನ ಕೆಲಸ, ನಾಲ್ಕೇ ದಿನದ ಸಂಬಳ, ಮೇಲೆ ವೀಸಾದ ಚಿಂತೆ. ಆ ಹೊತ್ತಿಗೆ ಸರಿಯಾಗಿ, 2009ರ ಮಾರ್ಚ್‌ನಲ್ಲಿ, ಕೆನಡಾದ ಓಶಾವಾ ಕಾರ್ಖಾನೆಯಲ್ಲಿ ಹೊಸ ಕಮಾರೊ ತಯಾರಿ ಶುರುವಾಯಿತು. ಎಸ್‌ಎಸ್ ಬೆಲೆ ಹತ್ತಿರ ಹತ್ತಿರ 31,000 ಡಾಲರ್. ಜೂನ್ 1ಕ್ಕೆ ಷೆವ್ರೊಲೆಯ ಒಡೆಯ ಜಿಎಂ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಇದ್ಯಾವುದಕ್ಕೂ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಆದರೂ ಓಡಿಸಿ ನೋಡಿದೆ. 426 ಅಶ್ವಶಕ್ತಿ, ಸುಳ್ಳು ಹೇಳಲ್ಲ, ಬೆನ್ನು ಸೀಟಿಗೆ ಅಂಟಿಕೊಂಡಿತು. ಆದರೆ ಕಿಟಕಿ ಅಂಚು ಎಷ್ಟು ಎತ್ತರ ಅಂದರೆ ಅದರ ಮೇಲೆ ಮೊಣಕೈ ಇಟ್ಟರೆ ಭುಜ ಕಿವಿಗೆ ಬರುತ್ತಿತ್ತು. ಟಿ-ಟಾಪ್ ಇಲ್ಲ. ಒಳ್ಳೆ ಕಾರೇ. ನಾನು ಮೂರು ವರ್ಷ ಕಾದಿದ್ದು ಅದಕ್ಕಲ್ಲ.

ಅದಕ್ಕೇ, ಕಮಾರೊ ಮತ್ತೆ ಬರುತ್ತಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಹೆಸರು ಬರಬಹುದು. ಅಷ್ಟು ಹಳೇ ಹೆಸರನ್ನು ಯಾರೂ ಸುಮ್ನೆ ಬಿಸಾಕಲ್ಲ. ಆದರೆ ಅದು ಯಾವುದರ ಮೇಲೆ ಕೂತು ಬರುತ್ತೆ? 2004ರಲ್ಲಿ ಜಿಎಂನದೇ ಹಳೇ ಸ್ಪೋರ್ಟ್ಸ್ ಕಾರು ಪಾಂಟಿಯಾಕ್ ಜಿಟಿಒ ವಾಪಸ್ ಬಂತು. ನೋಡಿದರೆ ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊಗೆ ಹೊಸ ಬ್ಯಾಡ್ಜ್. ಓಟ ಚೆನ್ನಾಗಿತ್ತು, ಆದರೂ 2006ಕ್ಕೆ ಮುಗಿಯಿತು. ಬ್ಲೇಜರ್ ಅನ್ನೋ ಹಳೇ ಜೀಪಿನಂಥ ಗಾಡಿಯ ಹೆಸರು ಕ್ರಾಸ್‌ಓವರ್ ಆಗಿ ಬಂತು. ಫೋರ್ಡ್‌ನ ಸ್ಪೋರ್ಟ್ಸ್ ಕಾರು ಮಸ್ಟಾಂಗ್ ಹೆಸರಿನಲ್ಲಿ ನಾಲ್ಕು ಬಾಗಿಲಿನ ಎಲೆಕ್ಟ್ರಿಕ್ ಎಸ್‌ಯುವಿ ಓಡಾಡ್ತಿದೆ. 2023ರಲ್ಲಿ ಕಮಾರೊ ನಿಲ್ಲಿಸ್ತೀವಿ ಅಂದಾಗ, ಇದು ಕೊನೆಯಲ್ಲ ಅಂತಲೂ ಷೆವ್ರೊಲೆಯವರು ಹೇಳಿದರು ನಿಜ. ಮುಂದೆ ಏನು ಬರುತ್ತೆ ಅಂತ ಹೇಳಿದರಾ? ಇಲ್ಲ. ನೀವು ಕಳಿಸಿದ ಸುದ್ದಿಯಲ್ಲಿ ಒಬ್ಬರು ಎಲೆಕ್ಟ್ರಿಕ್ ಅಂತಾರೆ, ಇನ್ನೊಬ್ಬರು ನಾಲ್ಕು ಬಾಗಿಲು ಅಂತಾರೆ. ನಿಮ್ಮ ತಲೆಯಲ್ಲಿರೋ ತಾರೀಖು ಯಾರು ಕೊಟ್ಟದ್ದು, ಒಂದು ಸಲ ಹುಡುಕಿ ನೋಡಿ.

ನಿಮ್ಮ ಗ್ಯಾರೇಜಿನಲ್ಲಿ 6.2 ಲೀಟರ್ ವಿ8, 455 ಅಶ್ವಶಕ್ತಿ, ಮೂರು ಪೆಡಲ್ ಇದೆ. ಲೀಸೋ ಮಾರೋದೋ ಕಾಯೋದೋ ಅಂತ ನೀವು ಕೇಳಿದ ಉಳಿದ ಪ್ರಶ್ನೆಗಳಿಗೆ ನಾನು ಉತ್ತರ ಕೊಡಲ್ಲ, ಬೇಕಿಲ್ಲ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯೋಕೆ ಮುಂಚೆ ಕಾರು ಒಳಗೆ ಸೇರಿಸಿ. ಟ್ಯಾಂಕ್ ತುಂಬಿಸಿಡಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿಡಿ. ಹೊಸದು ನಿಜವಾಗಿ ಶೋರೂಮಿಗೆ ಬಂದರೆ ಹೋಗಿ ಓಡಿಸಿ ನೋಡಿ. ಆದರೆ ನಿಮ್ಮ ಎಸ್‌ಎಸ್‌ನಲ್ಲೇ ಹೋಗಿ, ನನ್ನ ಹಾಗೆ ಕೊರೊಲಾದಲ್ಲಿ ಹೋಗಬೇಡಿ.