ಪೇಪರ್ ಇಲ್ಲದೆ ಹಂಪಿ ಸೆಮಿನಾರಿಗೆ ಹೋಗಬಹುದಾ?

ಎಂ.ಎ. ಇತಿಹಾಸದ ಮೊದಲ ವರ್ಷ, ಮಂಡಿಸಲು ಪೇಪರ್ ಇಲ್ಲ, ಹಂಪಿಯನ್ನು ಆಗಲೇ ಎರಡು ಸಲ ನೋಡಿದ್ದೇನೆ, ಮಧ್ಯಕಾಲೀನ ಪುರಾತತ್ವದ ವಿದ್ಯಾರ್ಥಿ ಸೆಮಿನಾರಿಗೆ ದುಡ್ಡು ಕಟ್ಟಿ ಹೋದರೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ.

ಹೋಗಿ. ಪೇಪರ್ ಇಲ್ಲದಿರುವುದೇ ಒಳ್ಳೆಯದಾಯಿತು.

ಓದುವಾಗ ನಾನೂ ಇಂಥದ್ದೊಂದಕ್ಕೆ ಹೋಗಿದ್ದೆ. ಒಂದು ದಿನ ಮಂಡನೆ, ಎರಡು ದಿನ ಸ್ಥಳ ಭೇಟಿ. ನನ್ನ ಹತ್ತಿರ ಪೇಪರ್ ಇತ್ತು. ಹಂಪಿಯ 1439ರ ಒಂದು ಶಾಸನದ ಮೇಲೆ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ರಾಜನಿಗೆ ಪುಣ್ಯವಾಗಲಿ ಎಂದು ‘ಧರ್ಮಸಾಲೆ’ ಕಟ್ಟಿಸಿದ ಅಂತ ಅದರಲ್ಲಿದೆ. ನಾನು ಲೈಬ್ರರಿಯಲ್ಲಿ ಕೂತು, ಧರ್ಮಸಾಲೆ ಅಂದರೆ ದಾರಿಹೋಕರ ಛತ್ರ ಅಂತ ಎರಡು ಪುಟ ಬರೆದಿದ್ದೆ. ಓದಿ ಮುಗಿಸಿದಾಗ ಹಿರಿಯ ಮೇಷ್ಟ್ರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಆ ಕಟ್ಟಡ ನೋಡಿದ್ದೀಯೇನಪ್ಪಾ?”

ನೋಡಿರಲಿಲ್ಲ.

ಮರುದಿನ ಬಸ್ಸು ತಳವಾರಘಟ್ಟದ ರಸ್ತೆಯಲ್ಲಿ ನಿಂತಿತು. ಛತ್ರ ಅಂತ ನಾನು ಬರೆದಿದ್ದು ಮಸೀದಿ! ಆದರೆ ಗುಮ್ಮಟ ಇಲ್ಲ, ಮಿನಾರು ಇಲ್ಲ. ದೂರದಿಂದ ನೋಡಿದರೆ ದೇವಸ್ಥಾನದ ಮಂಟಪದ ಹಾಗೆ ಕಂಬಗಳ ಸಾಲು. ಪಕ್ಕದ ಗೋರಿಗೆ ಮಾತ್ರ ಗುಮ್ಮಟ ಇದೆ. ಅಂದರೆ ಗುಮ್ಮಟ ಕಟ್ಟಲು ಬರುತ್ತಿರಲಿಲ್ಲ ಅಂತಲ್ಲ, ಬೇಡ ಅಂದುಕೊಂಡಿದ್ದಾರೆ. ಯಾಕೆ ಅಂತ ಬಸ್ಸಿನಲ್ಲಿ ರಾತ್ರಿ ಊಟದ ತನಕ ಜಗಳ ನಡೆಯಿತು. ಹಿಂದಿನ ದಿನ ಸಭಾಂಗಣದಲ್ಲಿ ಯಾರೂ ಇಷ್ಟು ಮಾತಾಡಿರಲಿಲ್ಲ.

ಎರಡು ಸಲ ನೋಡಿದ್ದೇನೆ ಅಂದಿರಲ್ಲ, ಕಲ್ಲಿನ ರಥ, ವಿರೂಪಾಕ್ಷ, ಕಮಲ ಮಹಲು ನೋಡಿರುತ್ತೀರಿ, ಅಲ್ವಾ? ಈ ಸಲ ನೆಲ ನೋಡಿ. ಅರಮನೆ ಪ್ರದೇಶದಲ್ಲಿ ಈಗ ಕಾಣುವುದರಲ್ಲಿ ಎಷ್ಟೋ ಭಾಗ 1970ರ ನಂತರದ ಉತ್ಖನನಗಳಲ್ಲಿ ಮಣ್ಣಿನಿಂದ ಮೇಲೆ ಬಂದದ್ದು. ನೂರು ಕಂಬದ ಸಭಾಂಗಣದಲ್ಲಿ ಇವತ್ತು ಒಂದು ಕಂಬವೂ ಇಲ್ಲ. ಮರದ ಕಂಬ, ಎಲ್ಲಾ ಹೋಗಿದೆ. ಉಳಿದಿರುವುದು ಅವು ನಿಂತಿದ್ದ ಜಾಗ ಮಾತ್ರ. ಸರದಾರರ ಮನೆಗಳಿದ್ದ ಕಡೆ ಬರೀ ತಳಪಾಯ. ಟೂರಿಸ್ಟುಗಳು ಅತ್ತ ಸುಳಿಯುವುದೇ ಇಲ್ಲ. ಅಲ್ಲೇ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿದ್ದು.

ನನಗೆ ಜಾಸ್ತಿ ಇಷ್ಟವಾದದ್ದು ಮೆಟ್ಟಿಲು ಪುಷ್ಕರಣಿ. ಫೋಟೊ ತೆಗೆಸಿಕೊಂಡು ಬಂದುಬಿಡುತ್ತೇವೆ. ಹತ್ತಿರ ಹೋಗಿ ಕಲ್ಲು ನೋಡಿದರೆ ಚಿಕ್ಕ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೇ ಕಲ್ಲು. ಮೊದಲೇ ಕೆತ್ತಿ, ಗುರುತು ಹಾಕಿ, ಆಮೇಲೆ ಜೋಡಿಸಿದ್ದಾರೆ. ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗಿಯ ಹತ್ತಿರವೂ ಪೇಪರ್ ಇರಲಿಲ್ಲ. ಅವಳು ಸುಮ್ನೆ ಕೂತು ಒಂದು ಬದಿಯ ಗುರುತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡನೇ ವರ್ಷದ ಕಿರುಪ್ರಬಂಧಕ್ಕೆ ಅದೇ ವಿಷಯವಾಯಿತು. ನಾನು ಅಷ್ಟು ಹೊತ್ತು ನನ್ನ ಧರ್ಮಸಾಲೆಯ ಸಂಕಟದಲ್ಲೇ ಇದ್ದೆ.

ಸಾಧ್ಯವಾದರೆ ಮೊದಲು ಕಮಲಾಪುರದ ಮ್ಯೂಸಿಯಂನಲ್ಲಿರುವ ಹಂಪಿಯ ದೊಡ್ಡ ಮಾದರಿ ನೋಡಿ. ಬೆಟ್ಟ, ಹೊಳೆ, ಕೋಟೆಗೋಡೆ ಎಲ್ಲಿವೆ ಅಂತ ತಲೆಯಲ್ಲಿ ಕೂರುತ್ತದೆ. ಟೋಪಿ, ನೀರು, ಒಂದು ಸ್ಕೇಲು ಇರಲಿ. ಮಧ್ಯಾಹ್ನ ಅಲ್ಲಿನ ಬಂಡೆ ಕಾದ ಹೆಂಚು. ಮಡಕೆ ಚೂರು ಕಂಡರೆ ಜೇಬಿಗೆ ಹಾಕಬೇಡಿ. ಸಂರಕ್ಷಿತ ಜಾಗ, ತಪ್ಪು ಅನ್ನುವುದು ಒಂದು. ಎಲ್ಲಿ ಬಿದ್ದಿತ್ತು ಅಂತ ಗೊತ್ತಿಲ್ಲದ ಚೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ ಅನ್ನುವುದು ಇನ್ನೊಂದು.

ಅಟೆಂಡೆನ್ಸ್‌ಗೆ ವಿಭಾಗದಿಂದ ಮೊದಲೇ ಪತ್ರ ಬರೆಸಿಕೊಳ್ಳಿ. ಸರ್ಟಿಫಿಕೇಟ್ ಕೊಟ್ಟಾಗ ಹೆಸರು ಸರಿಯಾಗಿದೆಯಾ ಅಂತ ಅಲ್ಲೇ ನೋಡಿ. ನನ್ನದರಲ್ಲಿ ಇವತ್ತಿಗೂ ಬೇರೆ ಯಾರದೋ ಇನಿಷಿಯಲ್ ಇದೆ.