45 ಸಾವಿರದಲ್ಲಿ ಫೋಟೊಗ್ರಫಿ ಕಸುಬು

ಪ್ರಶ್ನೆ: ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 26. ಮೊಬೈಲ್‌ನಲ್ಲಿ ಚೆನ್ನಾಗಿ ಫೋಟೊ ತೆಗೆಯುತ್ತೀಯ ಎಂದು ಎಲ್ಲರೂ ಹೇಳುತ್ತಾರೆ. ಮದುವೆ, ತೊಟ್ಟಿಲ ಕಾರ್ಯಗಳ ಫೋಟೊಗ್ರಫಿ ಶುರು ಮಾಡುವ ಆಸೆ ಇದೆ. ಕೈಯಲ್ಲಿರುವುದು 45 ಸಾವಿರ ರೂಪಾಯಿ. ಒಂದೂವರೆ ಲಕ್ಷದ ಹೊಸ ಮಿರರ್‌ಲೆಸ್ ಕ್ಯಾಮೆರಾವನ್ನು ಕಂತಿನಲ್ಲಿ ತೆಗೆದುಕೋ, ಎರಡು ಸೀಸನ್‌ನಲ್ಲಿ ತೀರಿಹೋಗುತ್ತದೆ ಎಂದು ಗೆಳೆಯ ಒತ್ತಾಯಿಸುತ್ತಿದ್ದಾನೆ. ಏನು ಮಾಡಲಿ?
— ಹೆಸರು ಬೇಡ, ಕಾರಟಗಿ

ಉತ್ತರ: ಕಂತು ಬೇಡ. ನಿಮ್ಮ ಗೆಳೆಯ ಸೀಸನ್‌ಗಳನ್ನು ಎಣಿಸಿದ್ದಾನೆ, ಆಷಾಢವನ್ನು ಮರೆತಿದ್ದಾನೆ. ಆಷಾಢ, ಪಕ್ಷಮಾಸ, ಧನುರ್ಮಾಸಗಳಲ್ಲಿ ನಮ್ಮ ಕಡೆ ಹಂದರ ಏಳುವುದಿಲ್ಲ. ಬ್ಯಾಂಕಿನ ಕಂತಿಗೆ ಮಾತ್ರ ಪ್ರತಿ ತಿಂಗಳೂ ಮುಹೂರ್ತ ಇರುತ್ತದೆ. ಅದರ ಮೇಲೆ ನಿಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಕಾಲುವೆಗೆ ನೀರು ಬಂದರೆ ಎರಡನೇ ಬೆಳೆ, ಎರಡನೇ ಬೆಳೆ ಕೈಗೆ ಬಂದರೆ ಬೇಸಿಗೆಯಲ್ಲಿ ಜೋರು ಮದುವೆ. ನೀರು ಕೈಕೊಟ್ಟ ವರ್ಷ ಮದುವೆ ನಿಲ್ಲುವುದಿಲ್ಲ, ಆಲ್ಬಮ್ ಮಾತ್ರ 40 ಹಾಳೆಯಿಂದ 20ಕ್ಕೆ ಇಳಿಯುತ್ತದೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರವೇ ನನಗೆ ಇಬ್ಬರು ಫೋನ್ ಮಾಡಿ ‘ನಮ್ಮ ಮನೆಯ ಕಾರ್ಯದ ವಿಚಾರ ಸ್ವಲ್ಪ ತಡೆಯಿರಿ’ ಎಂದಿದ್ದರು. ಗೇಟು ಮುರಿದದ್ದು ಹೊಸಪೇಟೆಯ ಹತ್ತಿರ, ಮುಂಗಡ ನಿಂತದ್ದು ರಾಯಚೂರಿನಲ್ಲಿ. ಗಿರಣಿಯ ಲೆಕ್ಕ ಬರೆಯುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಖರೀದಿಯ ಮಾತಿಗೆ ಮೊದಲು ನನ್ನದೊಂದು ಪ್ರಸಂಗ ಕೇಳಿ. 1994ರಲ್ಲಿ ನಾನು ಸ್ಟುಡಿಯೊ ತೆರೆದಾಗ ಇದ್ದದ್ದು ಬಾಗಿಲಿಗೆ ಕೀಲು ಸರಿಯಿಲ್ಲದ ಒಂದು ಕೋಣೆ, ಯಾರೋ ಬಳಸಿ ಬಿಟ್ಟ ಪೆಂಟಾಕ್ಸ್ ಕೆ1000 ಮತ್ತು ಒಂದೇ ಒಂದು ಫ್ಲ್ಯಾಶ್. ಲಿಂಗಸುಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ. ಅಕ್ಕಿಕಾಳಿನ ಹೊತ್ತಿಗೆ ಹೊಸ ರೀಲು ಹಾಕಿದ್ದೆ. ಚಿತ್ರ ಎಣಿಸುವ ಗುರುತು 36 ಮುಟ್ಟಿತು. ಲಿವರ್ ಇನ್ನೂ ಎಳೆಯಲು ಬರುತ್ತಿತ್ತು. ಒಂದೆರಡು ಚಿತ್ರ ಪುಕ್ಕಟೆ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ. ಇನ್ನೂ ಎಳೆದೆ, ಇನ್ನೂ ಬಂತು. ಆಗ ಹೊಟ್ಟೆಯಲ್ಲಿ ತಣ್ಣಗಾಯಿತು. ರೀಲಿನ ತುದಿ ಒಳಗಿನ ಉರುಳೆಗೆ ಕಚ್ಚಿಕೊಂಡೇ ಇರಲಿಲ್ಲ. ತಾಳಿ, ಅಕ್ಕಿಕಾಳು, ಧಾರೆ ಯಾವುದೂ ಇಲ್ಲ. ಗುಂಡಿ ಒತ್ತಿದ ಸದ್ದು ಮಾತ್ರ.

ಅದನ್ನು ಹೇಳಲು ಎರಡು ದಿನ ಧೈರ್ಯ ಸಾಲಲಿಲ್ಲ. ಮೂರನೆಯ ದಿನ ಹೋಗಿ ಹೇಳಿದೆ. ಮದುಮಗಳ ತಂದೆ ನನ್ನನ್ನು ಏನು ಅಂದರೆಂಬುದನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ. ಆಕೆಯ ಅಜ್ಜ ಮಾತ್ರ ಕೌದಿಯ ಮೇಲೆ ಕೂತಲ್ಲಿಂದಲೇ, ‘ಅಕ್ಕಿ ಏನು ಮುಗಿದು ಹೋಗಿದೆಯೇ?’ ಎಂದರು. ಮದುವೆಯ ಐದನೆಯ ದಿನ ಅದೇ ಅಂಗಳದಲ್ಲಿ, ಅದೇ ಸೀರೆ ಉಡಿಸಿ, ಬಾಸಿಂಗ ಕಟ್ಟಿಸಿ, ನೆರೆಯವರನ್ನೆಲ್ಲ ಕರೆದು ಮತ್ತೊಮ್ಮೆ ಅಕ್ಕಿಕಾಳು ಹಾಕಿಸಿದರು. ಆ ಚಿತ್ರಗಳು ಈಗಲೂ ಆ ಮನೆಯಲ್ಲಿವೆ. ಹಾರ ತಾಜಾ ಇದೆ, ಹಂದರದ ಬಾಳೆಕಂಬ ಒಣಗಿದೆ. ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುತ್ತದೆ.

ಎಲ್ಲ ಅಜ್ಜಂದಿರೂ ಹಾಗಿರುವುದಿಲ್ಲ. ಅದಕ್ಕೇ ನಾನು ಹೇಳುವುದಿಷ್ಟು: ಮೊದಲನೆಯದು ಹಳೆಯದಾಗಿದ್ದರೂ ನಡೆಯುತ್ತದೆ, ಎರಡನೆಯದು ಇಲ್ಲದೆ ನಡೆಯುವುದಿಲ್ಲ. ಎರಡನೇ ಬ್ಯಾಟರಿ, ಎರಡನೇ ಕಾರ್ಡ್, ಚಿತ್ರಗಳ ಎರಡನೇ ಪ್ರತಿ. 45 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಮೆರಾಕ್ಕೇ ಸುರಿದರೆ ಈ ಎರಡನೆಯದಕ್ಕೆ ದುಡ್ಡು ಉಳಿಯುವುದಿಲ್ಲ.

ನನ್ನ ಲೆಕ್ಕ ಹೀಗಿದೆ, ಬೆಲೆಗಳು ಅಂದಾಜು. ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಸಾದಾ ಲೆನ್ಸ್) ಸಮೇತ ಬಳಸಿದ ಡಿಎಸ್‌ಎಲ್‌ಆರ್‌ಗೆ, ಅಂದರೆ ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಡಿಜಿಟಲ್ ಕ್ಯಾಮೆರಾಕ್ಕೆ, 20 ಸಾವಿರದ ಮೇಲೆ ಹೋಗಬೇಡಿ. ಹೆಚ್ಚು ಬೆಳಕು ಒಳಬಿಡುವ 50 ಎಂಎಂ ಎಫ್/1.8 ಲೆನ್ಸ್ ಬಳಸಿದ್ದೇ ಸಾಕು, 5–6 ಸಾವಿರ. ಮಬ್ಬು ಬೆಳಕಿನ ದೇವರ ಕೋಣೆಯಲ್ಲಿ ಕಿಟ್ ಲೆನ್ಸ್ ತಡವರಿಸುವಾಗ ಇದು ಕೈ ಹಿಡಿಯುತ್ತದೆ. ಕೈಯಿಂದ ಹೊಂದಿಸುವ ಸಾದಾ ಫ್ಲ್ಯಾಶ್‌ಗೆ 3 ಸಾವಿರ. 128 ಜಿಬಿಯ ಒಂದು ಕಾರ್ಡ್ ಬೇಡ, 32 ಜಿಬಿಯ ನಾಲ್ಕು ಕೊಳ್ಳಿ. ಈ ದರದ ಕ್ಯಾಮೆರಾಗಳಲ್ಲಿ ಕಾರ್ಡ್ ಹಾಕಲು ಹೆಚ್ಚಾಗಿ ಒಂದೇ ಗೂಡು ಇರುತ್ತದೆ. ಆದ್ದರಿಂದ ಅಕ್ಕಿಕಾಳು ಮುಗಿದ ಕೂಡಲೇ ಕಾರ್ಡ್ ತೆಗೆದು ಅಂಗಿಯ ಒಳಜೇಬಿಗೆ ಹಾಕಿ, ಊಟಕ್ಕೆ ಬೇರೆ ಕಾರ್ಡ್. ಊಟದ ಚಿತ್ರ ಹೋದರೆ ಯಾರೂ ಅಳುವುದಿಲ್ಲ. ಒಂದು ಹೆಚ್ಚಿನ ಬ್ಯಾಟರಿ, ಒಂದು ಹಾರ್ಡ್‌ಡಿಸ್ಕ್. ಇಷ್ಟಾದ ಮೇಲೆ ಏಳೆಂಟು ಸಾವಿರ ಉಳಿಯಬೇಕು. ಅದನ್ನು ಮುಟ್ಟಬೇಡಿ, ಮೊದಲ ಆಲ್ಬಮ್ ಅಚ್ಚಾಗುವುದು ಅದರಲ್ಲಿಯೇ.

ಬಳಸಿದ ಕ್ಯಾಮೆರಾ ಕೊಳ್ಳುವಾಗ ಮಾರುವವನ ಮುಖ ನೋಡಬೇಡಿ, ಶಟರ್ (ಪ್ರತಿ ಚಿತ್ರಕ್ಕೂ ತೆರೆದು ಮುಚ್ಚುವ ಒಳಗಿನ ಪರದೆ) ಎಷ್ಟು ಸಲ ಬಿದ್ದಿದೆ ಎಂದು ನೋಡಿ. ನಿಕಾನ್ ಡಿ5300ನಂಥವುಗಳ ಶಟರ್ ಅನ್ನು ಕಂಪನಿ 1 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತದೆ. 80 ಸಾವಿರ ದಾಟಿದ್ದರೆ ಬೆಲೆ ಇಳಿಸಿ, ಇಲ್ಲವೇ ಎದ್ದು ಬನ್ನಿ. ಲೆನ್ಸಿನ ಕಿಂಡಿ ಕಿರಿದಾಗಿಸಿ, ಎಫ್/16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲಿನ ದೂಳು ಕರಿ ಚುಕ್ಕೆಯಾಗಿ ಕಾಣುತ್ತದೆ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ಜೇಡರ ಬಲೆಯಂಥದ್ದು ಕಂಡರೆ ಅದು ಬೂಷ್ಟು. ದೂಳನ್ನು ಒರೆಸಬಹುದು, ಬೂಷ್ಟು ಹಿಡಿದ ಲೆನ್ಸ್ ಮಾತ್ರ ಬೇಡ.

ಇನ್ನು ಶಾಮಿಯಾನ. ಇದನ್ನು ಪಟ್ಟಣದ ಪಾಠಗಳಲ್ಲಿ ಹೇಳಿಕೊಡುವುದಿಲ್ಲ. ಮಧ್ಯಾಹ್ನದ ಬಿಸಿಲು ಕೆಂಪು ಶಾಮಿಯಾನದ ಮೂಲಕ ಇಳಿದರೆ ಮದುಮಗಳ ಮುಖ ಟೊಮೆಟೊ ಆಗುತ್ತದೆ, ನೀಲಿಯಾದರೆ ಜ್ವರ ಬಂದವಳಂತೆ ಕಾಣುತ್ತಾಳೆ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಚಾವಣಿಗೆ ಹೊಡೆಯುವ ಉಪಾಯ ಇಲ್ಲಿ ಕೆಲಸಕ್ಕೆ ಬಾರದು, ಬೆಳಕು ಬಟ್ಟೆಯ ಬಣ್ಣ ಹೊತ್ತು ಕೆಳಗಿಳಿಯುತ್ತದೆ. ಫ್ಲ್ಯಾಶ್ ಮುಂದೆ ಬಿಳಿ ಕಾಗದದ ತುಂಡು ಕಟ್ಟಿ ನೇರವಾಗಿಯೇ ಹಾಕಿ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸಲು ಬಿಳಿ ಕಾರ್ಡ್ ಕೊಳ್ಳಬೇಕಾಗಿಲ್ಲ, ಹಂದರದ ತುಂಬ ಬಿಳಿ ಧೋತರಗಳಿರುತ್ತವೆ. ರಾತ್ರಿ ವೇದಿಕೆಯ ಎಲ್‌ಇಡಿ ದೀಪಗಳಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಪ್ರತಿ ಸುತ್ತಿಗೆ ಎರಡು ಸಲದಂತೆ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ವೇಗವನ್ನು 1/100ಕ್ಕೆ ಇಲ್ಲವೇ 1/50ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ.

ಗಿರಣಿಯ ಕೆಲಸ ಬಿಡಬೇಡಿ. ಮೊದಲ ಸೀಸನ್ ಹಿರಿಯ ಫೋಟೊಗ್ರಾಫರ್ ಒಬ್ಬರ ಜೊತೆ ದಿನಗೂಲಿಗೆ ಹೋಗಿ. ನಿಮ್ಮ ಸುತ್ತಲಿನ ಕ್ಯಾಂಪ್‌ಗಳ (ವಲಸೆ ಬಂದ ರೈತರು ನೆಲೆಸಿದ ಊರುಗಳ) ತೆಲುಗು ಮನೆಗಳ ಮದುವೆಯಲ್ಲಿ ಜೀರಿಗೆ–ಬೆಲ್ಲದ ಗಳಿಗೆ ಯಾವುದು, ಲಿಂಗಾಯತರ ಮನೆಯಲ್ಲಿ ಅಯ್ಯನವರು ಎಲ್ಲಿ ನಿಲ್ಲುತ್ತಾರೆ, ಸುರಿಗೆ ನೀರಿನ ಶಾಸ್ತ್ರದಲ್ಲಿ ನೀರು ಯಾವ ಕಡೆಯಿಂದ ಚಿಮ್ಮುತ್ತದೆ, ಇದೆಲ್ಲ ಕ್ಯಾಮೆರಾದ ಕೈಪಿಡಿಯಲ್ಲಿ ಇರುವುದಿಲ್ಲ.

ಹಣದ ಮಾತು ಒರಟಾಗಿಯೇ ಹೇಳುತ್ತೇನೆ. ತಾರೀಖು ಬರೆದುಕೊಳ್ಳುವಾಗ ಮೂರನೇ ಒಂದು ಭಾಗ, ಮದುವೆಯ ದಿನ ಮೂರನೇ ಒಂದು, ಆಲ್ಬಮ್ ಅಚ್ಚಿಗೆ ಹೋಗುವ ಮೊದಲು ಉಳಿದದ್ದು. ಆಲ್ಬಮ್ ಕೈಗೆ ಕೊಟ್ಟ ಮೇಲೆ ಕೊಡುತ್ತೇವೆ ಎಂದವರಲ್ಲಿ ಕೆಲವರ ಮಕ್ಕಳಿಗೆ ಈಗ ನಾನೇ ಶಾಲೆಯ ಫೋಟೊ ತೆಗೆಯುತ್ತಿದ್ದೇನೆ. ಸಂಬಂಧಿಕರು ‘ನಮ್ಮವನೇ ಅಲ್ಲವೇ’ ಎಂದು ಬರುತ್ತಾರೆ. ಅವರಿಗೂ ಪೂರ್ತಿ ಬಿಲ್ ಬರೆಯಿರಿ, ಹಣ ಪಡೆಯಿರಿ, ಬೇಕಾದಷ್ಟು ಮುಯ್ಯಿ ಮಾಡಿ. ಮುಯ್ಯಿಯ ಪಟ್ಟಿಯಲ್ಲಿ ನಿಮ್ಮ ಹೆಸರಾದರೂ ಬರುತ್ತದೆ.

ಕಾಗದಪತ್ರಕ್ಕೆ ಹೆದರಬೇಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಯಾರಾದರೂ ಶುಲ್ಕ ಕೇಳಿದರೆ ಅದು ಅವರ ಜೇಬಿಗೆ. ಮುಂದೆ ಸಾಲ ಬೇಕೇ ಬೇಕು ಎನಿಸಿದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಅದೂ ಮೊದಲ ಸೀಸನ್ ಆದ ಮೇಲೆ.

ಪ್ರಶ್ನೆ: ನಾನು ಗೃಹಿಣಿ. ಒಳ್ಳೆಯ ಮೊಬೈಲ್ ಇದೆ, 8 ಸಾವಿರ ರೂಪಾಯಿ ಇದೆ. ಮನೆಮನೆಗೆ ಹೋಗಿ ಹಸುಗೂಸುಗಳ ಫೋಟೊ ತೆಗೆಯಬಹುದೇ? ಆನ್‌ಲೈನ್‌ನಲ್ಲಿ ಬುಟ್ಟಿ, ಟೋಪಿಗಳ ಸೆಟ್ ನೋಡಿದ್ದೇನೆ.
— ಓದುಗರು, ಕುಷ್ಟಗಿ

ಉತ್ತರ: ಖಂಡಿತ. ಬಾಣಂತಿ ಕೋಣೆಗೆ ನನ್ನಂಥ ಮೀಸೆಯವನನ್ನು ಯಾರು ಬಿಡುತ್ತಾರೆ? ಕುಪ್ಪಸ ಕಾರ್ಯ, ತೊಟ್ಟಿಲ ಕಾರ್ಯಗಳಲ್ಲಿ ಹೆಂಗಸರು ಹೆಂಗಸರ ಮುಂದೆ ಬೇರೆಯೇ ಬಗೆಯಲ್ಲಿ ನಗುತ್ತಾರೆ, ಆ ನಗು ನನ್ನ 30 ವರ್ಷಗಳ ಚಿತ್ರಗಳಲ್ಲಿ ಇಲ್ಲ. ಸೆಟ್ ಕೊಳ್ಳಬೇಡಿ. ಎಲ್ಲ ಊರಿನ ಮಕ್ಕಳೂ ಅದೇ ಬುಟ್ಟಿಯಲ್ಲಿ ಅದೇ ಟೋಪಿ ಹಾಕಿಕೊಂಡು ಮಲಗಿದ್ದಾಗಿದೆ. ಅಜ್ಜಿ ಹೊಲಿದ ಕೌದಿ, ಅಮ್ಮನ ಇಳಕಲ್ ಸೀರೆಯ ಸೆರಗು, ಕಿನ್ನಾಳದ ಒಂದು ಮರದ ಗೊಂಬೆ ಸಾಕು. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ ಮಲಗಿಸಿ, ಎದುರು ಬದಿಗೆ ಬಿಳಿ ಹಾಸಿಗೆ ಬಟ್ಟೆ ಹಿಡಿಸಿ, ನೆರಳು ತೆಳುವಾಗುತ್ತದೆ. ಕೈಗಳ ಮೇಲೆ ಗದ್ದ ಊರಿ ಮಲಗಿದ ಕೂಸಿನ ಚಿತ್ರ ತೋರಿಸಿ ‘ಹೀಗೇ ಬೇಕು’ ಎನ್ನುವವರು ಸಿಗುತ್ತಾರೆ. ಅಂಥ ಚಿತ್ರಗಳಲ್ಲಿ ಕೂಸಿನ ತಲೆಯನ್ನು ದೊಡ್ಡವರು ಹಿಡಿದಿರುತ್ತಾರೆ, ಆ ಕೈಯನ್ನು ಆಮೇಲೆ ಎಡಿಟಿಂಗ್‌ನಲ್ಲಿ ಅಳಿಸಿರುತ್ತಾರೆ. ನೀವು ಮಾಡಲು ಹೋಗಬೇಡಿ. 8 ಸಾವಿರದಲ್ಲಿ ಒಂದಿಷ್ಟನ್ನು ಮಾದರಿ ಪ್ರಿಂಟ್‌ಗಳಿಗೆ ಖರ್ಚು ಮಾಡಿ. ಮೊಬೈಲ್ ಪರದೆ ನೋಡಿ ಯಾರೂ ದುಡ್ಡು ಬಿಚ್ಚುವುದಿಲ್ಲ, ಕಾಗದ ಕೈಗೆ ಬಂದರೆ ಬಿಚ್ಚುತ್ತಾರೆ.

ಪ್ರಶ್ನೆ: ನಾನು ತೆಗೆದ ಮದುವೆ ಚಿತ್ರಗಳನ್ನು ಪ್ರಚಾರಕ್ಕಾಗಿ ಇನ್‌ಸ್ಟಾಗ್ರಾಮ್‌ಗೆ ಹಾಕಿದೆ. ಮನೆಯವರು ತೆಗೆಯಿರಿ ಎಂದು ಜಗಳಕ್ಕೆ ಬಂದಿದ್ದಾರೆ. ತೆಗೆದವನು ನಾನು, ಹಕ್ಕು ನನ್ನದಲ್ಲವೇ?
— ಓದುಗರು, ಬಳ್ಳಾರಿ

ಉತ್ತರ: ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯರು ತೆಗೆಸಿದವರೇ, ಬೇರೆ ಒಪ್ಪಂದ ಇದ್ದರೆ ಮಾತು ಬೇರೆ. ಇಂದೇ ತೆಗೆದುಬಿಡಿ. ಮುಂದಿನ ಸಲ ರಸೀದಿಯಲ್ಲೇ ‘ಹತ್ತು ಚಿತ್ರಗಳನ್ನು ಪ್ರಚಾರಕ್ಕೆ ಬಳಸಲು ಒಪ್ಪಿಗೆ ಇದೆ’ ಎಂದು ಬರೆಸಿ ಸಹಿ ಪಡೆಯಿರಿ.

ಪ್ರಶ್ನೆ: ನಮ್ಮಲ್ಲಿ ಮದುವೆಯ ಗ್ರೂಪ್ ಫೋಟೊ ಸರಿಯಾಗಿ ಮಧ್ಯಾಹ್ನ 12ಕ್ಕೇ ಬರುತ್ತದೆ. ಎಲ್ಲರ ಕಣ್ಣೂ ಮುಚ್ಚಿರುತ್ತವೆ. ಉಪಾಯ ಇದೆಯೇ?
— ಓದುಗರು, ಮಾನ್ವಿ

ಉತ್ತರ: ಬೇವಿನ ಮರದ ಕೆಳಗೆ ನಿಲ್ಲಿಸಬೇಡಿ, ಮುಖದ ಮೇಲೆ ಎಲೆಗಳ ಚುಕ್ಕಿ ಬೀಳುತ್ತದೆ. ಕಟ್ಟಡದ ನೆರಳು ಮುಗಿಯುವ ಅಂಚಿನ ಒಳಗೆ, ಬಯಲಿನ ಕಡೆ ಮುಖ ಮಾಡಿಸಿ ನಿಲ್ಲಿಸಿ. ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ಮೂರು ಎಂದಾಗ ತೆರೆಯಲಿ. ಅಜ್ಜಂದಿರು ನಾಲ್ಕಕ್ಕೆ ತೆರೆಯುತ್ತಾರೆ, ಎರಡು ಸಲ ಒತ್ತಿ.